ಹತ್ತು ಲಕ್ಷಕ್ಕೆ ಇಪ್ಪತ್ತೆರಡು

ನಾನು ಏನು ಕೆಲಸ ಮಾಡುತ್ತೇನೆಂದು ನಮ್ಮವ್ವನಿಗೆ ಕೊನೆಯವರೆಗೂ ಸರಿಯಾಗಿ ತಿಳಿಯಲಿಲ್ಲ. ಇಂಡಿ ಊರಿನ ನಮ್ಮ ಓಣಿಯಲ್ಲಿ ಯಾರಾದರೂ ಕೇಳಿದರೆ, "ನಮ್ಮ ಸುಮಂಗಲಾ ಗಡಿಯಾರ ರಿಪೇರಿ ಮಾಡ್ತಾಳ್ರಿ, ದೊಡ್ಡ ದೊಡ್ಡ ಗಡಿಯಾರ" ಎಂದುಬಿಡುತ್ತಿದ್ದಳು. ಹಾಗಾಗಿ ರಜೆಗೆ ಊರಿಗೆ ಹೋದಾಗಲೆಲ್ಲ ಪಡಸಾಲೆಯಲ್ಲಿ ಎರಡಾದರೂ ಗೋಡೆ ಗಡಿಯಾರ, ಒಂದು ಅಲಾರಾಂ ಟೈಂಪೀಸು ನನ್ನ ದಾರಿ ಕಾಯುತ್ತಿದ್ದವು. ಸೆಲ್ ಬದಲಿಸಿ, ಮುಳ್ಳು ಸರಿಸಿ ಕೊಡುತ್ತಿದ್ದೆ. ಹುಡುಗಿ ಡಿಪ್ಲೊಮಾ ಓದಿದ್ದು ದಂಡವಾಗಲಿಲ್ಲ ಎಂದು ಓಣಿಯವರಿಗೂ ಸಮಾಧಾನ.

ಅವ್ವ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ರೇಡಿಯೊ, ವಾಯರ್‌ಲೆಸ್ ಸೆಟ್ಟು ರಿಪೇರಿ ಮಾಡುವವರ ಬಳಿ ಫ್ರೀಕ್ವೆನ್ಸಿ ಕೌಂಟರ್ ಎಂಬ ಉಪಕರಣ ಇರುತ್ತದೆ. ಒಂದು ಸೆಕೆಂಡಿಗೆ ಎಷ್ಟು ಕಂಪನ ಎಂದು ಅದು ಎಣಿಸಿ ತೋರಿಸುತ್ತದೆ. ಆದರೆ ಒಂದು ಸೆಕೆಂಡ್ ಎಂದರೆ ಎಷ್ಟು ಎಂಬುದು ಮೊದಲು ಅದಕ್ಕೆ ಗೊತ್ತಿರಬೇಕಲ್ಲ? ಅದಕ್ಕೆಂದೇ ಅದರ ಹೊಟ್ಟೆಯಲ್ಲಿ ಉಗುರಿನಷ್ಟು ಅಗಲದ ಒಂದು ಸ್ಫಟಿಕದ ಚೂರು ಇರುತ್ತದೆ. ನಾವು ಕ್ರಿಸ್ಟಲ್ ಎನ್ನುತ್ತೇವೆ. ಅದು ಸೆಕೆಂಡಿಗೆ ಒಂದು ಕೋಟಿ ಸಲ ಮಿಡಿಯಬೇಕು. ವಯಸ್ಸಾದ ಹಾಗೆ, ಚಳಿ ಬಿಸಿಲಿಗೆ, ಕೈಜಾರಿ ಬಿದ್ದಾಗ, ಅದರ ಮಿಡಿತ ಕೊಂಚ ಆಚೀಚೆಯಾಗುತ್ತದೆ. ಆಗ ಆ ಉಪಕರಣ ಅಳೆದದ್ದೆಲ್ಲ ತಪ್ಪು. ಸುಳ್ಳು ಹೇಳುವ ಮನುಷ್ಯನ ಮುಖದಲ್ಲಾದರೂ ಏನಾದರೂ ಕಾಣುತ್ತದೆ. ಕೌಂಟರಿನ ಮುಖದಲ್ಲಿ ಎಂಟು ಅಂಕಿಗಳು ಯಾವಾಗಲೂ ಠೀವಿಯಿಂದ ಹೊಳೆಯುತ್ತಿರುತ್ತವೆ. ಅದಕ್ಕಿಂತ ನಂಬಿಗಸ್ತ ಕ್ರಿಸ್ಟಲ್ಲೊಂದನ್ನು ಒಯ್ದು, ಎರಡನ್ನೂ ಹೋಲಿಸಿ, ಇದು ಎಷ್ಟು ತಪ್ಪಿದೆ ಎಂದು ಹೇಳುವುದು, ಬೇಕಾದರೆ ಸರಿಪಡಿಸುವುದು, ಸಹಿ ಮಾಡಿದ ಚೀಟಿ ಅಂಟಿಸಿ ಬರುವುದು, ಇಷ್ಟು ನನ್ನ ಕೆಲಸ. ಇದನ್ನೇ ಮೂವತ್ತಕ್ಕೂ ಹೆಚ್ಚು ವರ್ಷ ಮಾಡಿದೆ. ಬಡ್ತಿ, ಸನ್ಮಾನದ ಸುದ್ದಿ ಹೇಳುವಷ್ಟು ಇಲ್ಲ. ಎಡವಿದ್ದು ಮಾತ್ರ ಹೇಳುವಷ್ಟಿದೆ. ಈಗ ಈ ಕೆಲಸಕ್ಕೆ ಬರುವವರಿಗೆ ಉಪಯೋಗಕ್ಕೆ ಬಂದೀತು.

ನಮ್ಮದು ಜಿಲ್ಲಾ ಕೇಂದ್ರದಲ್ಲಿದ್ದ ಒಂದು ಸಣ್ಣ ವರ್ಕ್‌ಶಾಪ್. ಅದರ ಯಜಮಾನರು ಬಿರಾದಾರ ಸರ್. ಎತ್ತರದ ಆಳು, ಮಾತು ಕಡಿಮೆ, ಆಡಿದರೆ ಚಾಟಿ. ನಾನು ಸೇರಿದ ಮೊದಲ ಚಳಿಗಾಲದಲ್ಲೇ ನನ್ನನ್ನು ಒಬ್ಬಳನ್ನೇ ಸಿಂದಗಿಯ ಒಂದು ಕಾಲೇಜಿಗೆ ಕಳಿಸಿದರು. ಅಲ್ಲಿಯ ಪ್ರಯೋಗಾಲಯದಲ್ಲಿ ಐದು ಕೌಂಟರ್ ಇದ್ದವು. ಮುಂಜಾನೆಯ ಬಸ್ಸಿಗೆ ಹೋಗಿ, ಬಾಗಿಲು ತೆಗೆದ ಕೂಡಲೇ ಸ್ವಿಚ್ ಹಾಕಿ, ಅಳೆದು, ಐದೂ ತಪ್ಪಿವೆ ಎಂದು ತೀರ್ಮಾನಿಸಿ, ಐದರ ಹೊಟ್ಟೆಯೊಳಗಿನ ಹೊಂದಾಣಿಕೆಯ ಸ್ಕ್ರೂ ತಿರುಗಿಸಿ, ಚೀಟಿ ಅಂಟಿಸಿ, ಮಧ್ಯಾಹ್ನದ ಊಟಕ್ಕೆ ವಾಪಸು ಬಂದುಬಿಟ್ಟೆ. ನನ್ನ ಚುರುಕುತನಕ್ಕೆ ನಾನೇ ಮಾರುಹೋಗಿದ್ದೆ.

ಬಿರಾದಾರ ಸರ್ ನನ್ನ ನೋಟ್‌ಬುಕ್ ತೆರೆದು ನೋಡಿದರು. "ಎಷ್ಟೊತ್ತು ಚಾಲೂ ಇಟ್ಟಿದ್ದಿ?"

"ಹೋದ ಕೂಡ್ಲೇ ನೋಡೀನ್ರಿ ಸರ್."

"ಹಂಚು ಕಾಯೂದ್ರಾಗ ರೊಟ್ಟಿ ಹಾಕಿ ಬಂದೀ ಅನ್ನು." ಪುಟ ತಿರುವಿದರು. "ಸ್ಕ್ರೂ ತಿರುವೂಕಿಂತ ಮದಲ ಎಷ್ಟಿತ್ತು? ಎಲ್ಲಿ ಬರದೀ?"

ನಾನು ಬರೆದಿರಲಿಲ್ಲ. ಸರಿಮಾಡಿದ ಮೇಲಿನ ಅಂಕಿಗಳನ್ನಷ್ಟೇ ಮುತ್ತು ಪೋಣಿಸಿದಂತೆ ಬರೆದಿದ್ದೆ.

"ನಾಳಿ ಮತ್ತ ಹೋಗು. ಎರಡ ತಾಸು ಬಿಸಿ ಆಗಾಕ ಬಿಡು. ಮದಲ ಬರಿ, ಆಮ್ಯಾಲ ಮುಟ್ಟು. ತಪ್ಪಾತ್ರಿ ಅಂತ ಅವರಿಗೆ ಹೇಳಿ ಬಾ. ಹೇಳದ ಬರಬ್ಯಾಡ."

ಮರುದಿನ ಹೋದೆ. ಎರಡು ತಾಸಿನ ನಂತರ ನೋಡಿದರೆ ನಾನು 'ಸರಿಪಡಿಸಿದ್ದ' ಐದೂ ಕೌಂಟರ್‌ಗಳು ಈಗ ನಿಜವಾಗಿಯೂ ತಪ್ಪಿದ್ದವು. ಅಲ್ಲಿಯ ಅಧ್ಯಾಪಕರ ಮುಂದೆ ತಪ್ಪಾಯಿತು ಎನ್ನುವಾಗ ಕಿವಿ ಕೆಂಪಾಯಿತು. ಅವರು ನಕ್ಕು ಚಹಾ ತರಿಸಿದರು. ಚಹಾ ಆರಲು ಬಿಟ್ಟು, ಮೊದಲು ಐದರ ಅಂಕಿಗಳನ್ನೂ ಬರೆದುಕೊಂಡೆ.

ಆಗಿನ ಪದ್ಧತಿಯೇ ಬೇರೆ. ವರ್ಕ್‌ಶಾಪಿನ ಮಾಳಿಗೆಯ ಮೇಲೆ ಉದ್ದ ತಂತಿ ಕಟ್ಟಿ, ಶಾರ್ಟ್‌ವೇವ್ ರೇಡಿಯೊದಲ್ಲಿ ದೂರದ ನಿಲ್ದಾಣದಿಂದ ಬರುವ ನಿಖರ ಕಾಲದ ಟಿಕ್ ಟಿಕ್ ಹಿಡಿಯುತ್ತಿದ್ದೆವು. ಅದರ ಜೊತೆ ನಮ್ಮ ಕ್ರಿಸ್ಟಲ್ಲಿನ ಕಂಪನ ಬೆರೆಸಿದರೆ ಒಂದು ಸೀಟಿ ಕೇಳುತ್ತದೆ. ಎರಡೂ ಸಮೀಪವಾದಂತೆ ಸೀಟಿ ಇಳಿಯುತ್ತದೆ, ಗುಂಯ್‌ಗುಡುತ್ತದೆ, ಆಮೇಲೆ ಮಲಗಿದ ಕೂಸಿನ ಉಸಿರಿನಂತೆ ಏರಿಳಿಯುತ್ತದೆ, ಕೊನೆಗೆ ನಿಂತೇಬಿಡುತ್ತದೆ. ಅಲ್ಲಿಗೆ ಎರಡೂ ಒಂದು. ಬಿರಾದಾರ ಸರ್ ಕಣ್ಣು ಮುಚ್ಚಿ ಅದನ್ನು ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದರೂ ಕಣ್ಣು ತೆರೆದು ನೋಡುತ್ತಿದ್ದರು. ಅವರ ಚಾಟಿಗಿಂತ ಆ ನೋಟ ಬಿರುಸು.

ಹಾಗೆ ಸರಿಮಾಡಿದ ನಮ್ಮ ನಂಬಿಗಸ್ತ ಕ್ರಿಸ್ಟಲ್ಲನ್ನು ಒಂದು ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ನಾನು ಸುತ್ತು ಹೊರಡುತ್ತಿದ್ದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಕೊನೆಗೆ ಮುದ್ದೇಬಿಹಾಳ. ಪೆಟ್ಟಿಗೆಯೊಳಗೆ ಕ್ರಿಸ್ಟಲ್ ಸದಾ ಒಂದೇ ಬಿಸಿಯಲ್ಲಿರಲೆಂದು ಪುಟ್ಟ ಹೀಟರ್ ಇತ್ತು. ಅದು ಆರದಂತೆ ಬ್ಯಾಟರಿ. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಕೂರಬೇಕು. ಒಮ್ಮೆ ದೇವರ ಹಿಪ್ಪರಗಿಯಲ್ಲಿ ಸಂತೆಯ ದಿನ ಬಸ್ಸು ಹತ್ತಿದ ಅಜ್ಜಿಯೊಬ್ಬಳು ಕಂಕುಳಲ್ಲಿದ್ದ ಕೋಳಿಯನ್ನು ಪೆಟ್ಟಿಗೆಯ ಮೇಲೆ ಕೂರಿಸಿಯೇಬಿಟ್ಟಳು. ತಳ ಬೆಚ್ಚಗಿದ್ದದ್ದರಿಂದ ಕೋಳಿ ರೆಕ್ಕೆ ಇಳಿಬಿಟ್ಟು ಕಣ್ಣು ಮುಚ್ಚಿತು. "ತತ್ತಿ ಇಟ್ರ ನಿಮಗ ತಗೋರಿ ಅಕ್ಕಾರ" ಎಂದಳು ಅಜ್ಜಿ. ಆ ಸೀಮೆಯಲ್ಲಿ ಕೈಯಲ್ಲಿ ಚೀಲ ಹಿಡಿದು ಒಬ್ಬಳೇ ತಿರುಗುವ ಹೆಂಗಸೆಂದರೆ ಸಾಲಿ ಕಲಿಸುವವಳೇ ಎಂದು ಲೆಕ್ಕ. ಹಾಗಾಗಿ, ಬೇರೆ ಕಡೆ ಟೀಚರಮ್ಮ ಎನ್ನುವ ಹಾಗೆ, ನಾನು ಎಲ್ಲ ಕಡೆಗೂ ಅಕ್ಕಾರ.

ಈಗ ಮುದ್ದೇಬಿಹಾಳದ ಮಾತಿಗೆ ಬರುತ್ತೇನೆ. ನನ್ನ ಕೆಲಸದ ಬಗ್ಗೆ ಒಂದೇ ಘಟನೆ ಹೇಳು ಎಂದರೆ ನಾನು ಹೇಳುವುದು ಇದನ್ನೇ.

ಅಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಮಲ್ಲಪ್ಪ ಎಂಬವರ ವಾಯರ್‌ಲೆಸ್ ರಿಪೇರಿ ಅಂಗಡಿ. ಕೈ ಬಹಳ ಶುದ್ಧ. ಆ ಭಾಗದ ರೈತರು ಕೂಡಿ ಒಂದು ಏತ ನೀರಾವರಿ ಸಂಘ ಮಾಡಿಕೊಂಡಿದ್ದರು. ಹೊಳೆಯ ದಂಡೆಯ ಪಂಪ್‌ಹೌಸಿನಿಂದ ನೀರೆತ್ತಿ, ಏಳೆಂಟು ಕಿಲೋಮೀಟರ್ ಆಚೆ, ಗುಡ್ಡದ ಹಿಂದಿನ ಒಂದು ಹೊಂಡ ತುಂಬಿಸುತ್ತಾರೆ. ಹೊಂಡದಿಂದ ಹೊಲಗಳಿಗೆ ನೀರು. ಮೊಬೈಲ್ ಬಂದು ಎಷ್ಟೋ ಕಾಲವಾಗಿದ್ದರೂ ಆ ಗುಡ್ಡದ ಹಿಂದೆ ಸಿಗ್ನಲ್ ಇರಲಿಲ್ಲ. ಅದಕ್ಕೆ ಎರಡೂ ಕಡೆ ವಾಯರ್‌ಲೆಸ್ ಸೆಟ್. ಹೊಂಡ ಕಾಯುವವರು "ತುಂಬಿತು" ಎಂದರೆ ಪಂಪಿನವರು ಬಂದ್ ಮಾಡಬೇಕು. ಆ ಸೆಟ್‌ಗಳನ್ನೆಲ್ಲ ನೋಡಿಕೊಳ್ಳುವವರು ಮಲ್ಲಪ್ಪ. ಮಲ್ಲಪ್ಪನವರ ಕೌಂಟರ್ ನೋಡಿಕೊಳ್ಳುವವಳು ನಾನು.

ಆ ವರ್ಷ ನನ್ನ ಸುತ್ತು ತಡವಾಗಿ, ಮಳೆಗಾಲಕ್ಕೆ ಬಿದ್ದಿತ್ತು. ನಾನು ಹೋದಾಗ ಮಲ್ಲಪ್ಪ ಬಹಳ ಹುರುಪಿನಲ್ಲಿದ್ದರು. ಕೌಂಟರ್, ಪೆಟ್ಟಿಗೆ ಎರಡನ್ನೂ ಬಿಸಿಯಾಗಲು ಬಿಟ್ಟು ಕೂತೆವು. ಚಹಾ ಬಂತು.

"ಅಕ್ಕಾರ, ನಿಮಗ ಒಂದ್ ಮಾತು ಹೇಳಬೇಕ್ರಿ. ಹೋದ ವರ್ಷ ನೀವು ಈ ಕೌಂಟರ್ ಸರಿ ಮಾಡಿ ಹ್ವಾದ ಮ್ಯಾಲ ಗೊತ್ತಾತ ನೋಡ್ರಿ, ಸಂಘದ ಸೆಟ್ ಒಂದೂ ಸರಿ ಇದ್ದಿದ್ದಿಲ್ಲ! ಎಲ್ಲಾ ಮೂರ್ ಸಾವಿರ ಕಂಪನ ಬಾಜೂಕ ಸರದಿದ್ವು. ಒಂದೊಂದ ತರಿಸಿ ಎಲ್ಲಾ ಸರಿ ಮಾಡೀನ್ರಿ."

ಎಲ್ಲವೂ ಒಂದೇ ಅಳತೆಗೆ ತಪ್ಪಿದ್ದವೇ ಎಂದು ಆ ಕ್ಷಣವೇ ನನಗೆ ಚುಚ್ಚಬೇಕಿತ್ತು. ಹೊಗಳಿಕೆ ಕೇಳುವಾಗ ಬುದ್ಧಿ ಸ್ವಲ್ಪ ಮಂದ. ಚಹಾ ಕುಡಿದೆ.

ಆಮೇಲೆ ಅವರು ಊರ ಸುದ್ದಿ ತೆಗೆದರು. ಹದಿನೈದು ದಿನದ ಹಿಂದೆ ಹೊಂಡದ ಒಡ್ಡು ಒಡೆದಿತ್ತು. ಹೊಂಡ ಕಾಯುತ್ತಿದ್ದವಳು ನೀಲವ್ವ, ಕುರಿ ಕಾಯುವ ಮನೆತನದವಳು, ಐವತ್ತರ ಹತ್ತಿರದ ಹೆಂಗಸು. ಹೊಂಡ ತುಂಬಿ ನೀರು ಒಡ್ಡಿನ ಮೇಲೆ ಹರಿಯತೊಡಗಿದರೂ ಪಂಪ್ ನಿಲ್ಲಲಿಲ್ಲ. ಒಡ್ಡು ಕುಸಿದು ಕೆಳಗಿನ ಎರಡು ಹೊಲದ ತೊಗರಿ ಕೊಚ್ಚಿಹೋಯಿತು. ತೊಗರಿಯಲ್ಲಿ ಕಳೆ ಕೀಳುತ್ತಿದ್ದ ಆರು ಹೆಂಗಸರು ನೀಲವ್ವನ ಕೂಗು ಕೇಳಿ ಬದುವಿನ ಮೇಲೆ ಓಡಿ ಪಾರಾಗಿದ್ದರು.

"ಸೆಟ್‌ನ್ಯಾಗ ಒದರೀನಿ ಅಂತಾಳ್ರಿ ಆಕಿ. ಪಂಪಿನ ಬಸಣ್ಣ ನನಗೇನೂ ಕೇಳಲಿಲ್ಲ ಅಂತಾನ. ಆಕಿ ಒದರಿದ್ರ ಸೆಟ್ ಯಾಕ ಬೇಕ್ರಿ? ಹಂಗ ಹೊಳಿತನ ಕೇಳತೈತಿ! ಕಮಿಟಿಯವರು ಆಕಿನ್ನ ಕೆಲಸದಿಂದ ಇಳಿಸ್ಯಾರ. ನಾಡದ ಕೊನೀ ಮೀಟಿಂಗ್ ಐತಿ."

"ಸೆಟ್ ನೋಡೀರೇನು ನೀವು?"

"ನೋಡದ ಇರ್ತೀನೇನ್ರಿ. ಆಕಿ ಹಳೀ ಸೆಟ್ ಸುಟ್ಟಿತ್ತು. ಎರಡ ದಿನ ಮದಲ ಕಂಪನಿಯಿಂದ ಹೊಸಾದು ಬಂದಿತ್ತು, ಸೀದಾ ಆಕಿ ಕೈಯಾಗ ಕೊಟ್ಟಿದ್ರು. ಈಗ ತಂದು ನೋಡಿದ್ರ ಮೂರ್ ಸಾವಿರದ ಮುನ್ನೂರ ಕಂಪನ ತಪ್ಪೈತಿ. ಕಂಪನಿಯಿಂದ ಸರಿ ಬಂದ ಸೆಟ್ ಎರಡ ದಿನಕ್ಕ ಹ್ಯಾಂಗ ತಪ್ಪತೈತ್ರಿ? ಎತ್ತಿ ಕೆಡವಿರಬೇಕು, ಇಲ್ಲಾ ಒಳಗ ಏನೋ ತಿರುವಿರಬೇಕು. ಹಂಗಂತ ಕಮಿಟಿಗೆ ಬರದು ಕೊಟ್ಟೇನ್ರಿ. ನಿಮ್ಮ ಚೀಟಿ ಕೌಂಟರಿನ ಮ್ಯಾಲ ಐತೆಲ್ಲ, ಅದರ ನಂಬರ್ ಸೈತ ಹಾಕೇನಿ."

ಎರಡು ತಾಸಾಗಿತ್ತು. ನಾನು ಹೋಲಿಸಿ ನೋಡಿದೆ. ಮಲ್ಲಪ್ಪನವರ ಕೌಂಟರ್ ಹತ್ತು ಲಕ್ಷಕ್ಕೆ ಇಪ್ಪತ್ತೆರಡು ತಪ್ಪಿತ್ತು.

ಹತ್ತು ಲಕ್ಷಕ್ಕೆ ಇಪ್ಪತ್ತೆರಡು ಎಂದರೆ ಏನೂ ಅಲ್ಲ ಅನ್ನಿಸುತ್ತದೆ. ಕೈಗಡಿಯಾರದಲ್ಲಾದರೆ ದಿನಕ್ಕೆ ಎರಡು ಸೆಕೆಂಡು, ಯಾರೂ ಗಮನಿಸುವುದಿಲ್ಲ. ಆದರೆ ಆ ಸೆಟ್‌ಗಳು ಸೆಕೆಂಡಿಗೆ ಹದಿನೈದು ಕೋಟಿ ಸಲ ಕಂಪಿಸುವಂಥವು. ಅಲ್ಲಿ ಇಪ್ಪತ್ತೆರಡು ಎಂದರೆ ಮೂರು ಸಾವಿರದ ಮುನ್ನೂರು.

ನೋಟ್‌ಬುಕ್ ತೆಗೆದೆ. ಹಿಂದಿನ ವರ್ಷಗಳಲ್ಲಿ ಇದೇ ಕೌಂಟರ್, ಮುಟ್ಟುವ ಮುಂಚೆ: ಒಂದು, ಎರಡು, ಒಂದು. ಹೋದ ವರ್ಷ ಮುಟ್ಟುವ ಮುಂಚೆ: ಇಪ್ಪತ್ತೆರಡು. ಆಗ ನಾನೇ ಸ್ಕ್ರೂ ತಿರುಗಿಸಿ ಸರಿಮಾಡಿದ್ದೆ. ಈ ವರ್ಷ ಮತ್ತೆ ಇಪ್ಪತ್ತೆರಡು, ಆದರೆ ಉಲ್ಟಾ ದಿಕ್ಕಿಗೆ. ಅಂದರೆ ಹೋದ ವರ್ಷ ನಾನು ಎಷ್ಟು ತಿರುಗಿಸಿದ್ದೆನೋ ಸರಿಯಾಗಿ ಅಷ್ಟು.

ಎಲ್ಲ ನೆನಪಾಯಿತು. ಹೋದ ವರ್ಷ ಬಂದಾಗ ಕಡು ಬೇಸಿಗೆ. ಮರುದಿನ ಅಕ್ಕನ ಮಗಳ ಸೀರೆ ಉಡಿಸುವ ಕಾರ್ಯ, ಸಂಜೆಯ ಬಸ್ಸು ಹಿಡಿಯುವ ಧಾವಂತ. ನನ್ನ ಪೆಟ್ಟಿಗೆಯಲ್ಲಿ ಒಂದು ಕೆಂಪು ದೀಪವಿತ್ತು. ಹೀಟರ್ ಬಿಸಿಯಾಗುತ್ತಿರುವಾಗ ಉರಿಯುತ್ತದೆ, ಬಿಸಿಯಾದ ಮೇಲೆ ಆರುತ್ತದೆ. ಅಂದು ದೀಪ ಆರಿತ್ತು. ಬಿಸಿಯಾಗಿದೆ ಎಂದುಕೊಂಡೆ. ಹೀಟರಿನ ತಂತಿ ಕಿತ್ತರೂ ದೀಪ ಆರಿಯೇ ಇರುತ್ತದೆ ಎಂಬುದು ಹೊಳೆಯಲಿಲ್ಲ. ಪೆಟ್ಟಿಗೆ ಮುಟ್ಟಿದರೆ ಬೆಚ್ಚಗಿತ್ತು, ಆ ಬಿಸಿಲಲ್ಲಿ ಯಾವುದು ಬೆಚ್ಚಗಿರಲಿಲ್ಲ? ವಾರದ ನಂತರ ವರ್ಕ್‌ಶಾಪಿನಲ್ಲಿ ತೆರೆದಾಗ ತಂತಿ ಕಿತ್ತಿರುವುದು ಕಂಡು ಬೆಸುಗೆ ಹಾಕಿದೆವು. ಅದು ಹೋಗುವಾಗ ಕಿತ್ತಿತೋ ಬರುವಾಗ ಕಿತ್ತಿತೋ ಎಂದು ನಾನು ನನ್ನನ್ನು ಕೇಳಿಕೊಳ್ಳಲಿಲ್ಲ. ಬರುವಾಗ ಎಂದುಕೊಳ್ಳುವುದು ಸುಲಭವಾಗಿತ್ತು.

ಇರಬೇಕಾದಷ್ಟು ಬಿಸಿಯಿಲ್ಲದ ನನ್ನ ಕ್ರಿಸ್ಟಲ್ ತಪ್ಪು ಹೇಳಿತ್ತು. ಸರಿಯಿದ್ದ ಕೌಂಟರನ್ನು ನಾನು ಅದಕ್ಕೆ ಹೊಂದಿಸಿ ಕೆಡಿಸಿದ್ದೆ. ಕೆಟ್ಟ ಕೌಂಟರಿನಿಂದ ಮಲ್ಲಪ್ಪ ಸರಿಯಿದ್ದ ಸೆಟ್‌ಗಳನ್ನೆಲ್ಲ ಕೆಡಿಸಿದ್ದರು. ಎಲ್ಲವೂ ಒಂದೇ ಅಳತೆಗೆ ಕೆಟ್ಟಿದ್ದರಿಂದ ತಮ್ಮತಮ್ಮಲ್ಲಿ ಚೆನ್ನಾಗಿಯೇ ಮಾತಾಡಿಕೊಂಡಿದ್ದವು. ಕಂಪನಿಯಿಂದ ಸರಿಯಾಗಿ ಬಂದದ್ದು ನೀಲವ್ವನ ಸೆಟ್ ಒಂದೇ. ಅದೇ ಒಂಟಿಯಾಯಿತು.

ಮಲ್ಲಪ್ಪನವರಿಗೆ ಏನೂ ಹೇಳದೆ ಹೊರಗೆ ಬಂದು ಬಿರಾದಾರ ಸರ್‌ಗೆ ಫೋನ್ ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡರು. ಆಮೇಲೆ, "ಯಾರಿಗಾರ ಹೇಳಿಯೇನು?" ಎಂದರು.

"ಇಲ್ರಿ."

"ಹೇಳಬ್ಯಾಡ. ನಾ ಬರ್ತೇನಿ ನಾಳೆ." ಫೋನ್ ಇಟ್ಟರು.

ಇಷ್ಟು ವರ್ಷ ಇವರ ಬಳಿ ದುಡಿದಿದ್ದೆ. ವರ್ಕ್‌ಶಾಪಿನ ಹೆಸರು ಉಳಿಸಿಕೊಳ್ಳಲು ಇವರೂ ಮುಚ್ಚಿಡುವವರೇ ಎನ್ನಿಸಿತು. ಇನ್ನೂ ಕೆಟ್ಟದ್ದೆಂದರೆ, ಅವರು ಮುಚ್ಚಿಡೋಣ ಎಂದರೆ ನನ್ನ ಕೊರಳಿಗೂ ಉರುಳು ತಪ್ಪುತ್ತದಲ್ಲ ಎಂಬ ಒಂದು ಆಸೆಯೂ ಮೂಲೆಯಲ್ಲಿ ಎದ್ದು ಕೂತಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೆ ಬರೆಯದಿದ್ದರೆ ಉಳಿದದ್ದು ಬರೆದೂ ಉಪಯೋಗವಿಲ್ಲ.

ಮರುದಿನ ಮುಂಜಾನೆ ಸರ್ ಬಸ್ಸಿನಿಂದ ಇಳಿದರು. ಕೈಯಲ್ಲಿ ನಮ್ಮ ಇನ್ನೊಂದು ಪೆಟ್ಟಿಗೆ.

"ಹೋದ ವರ್ಷ ಒಂದ ಸಾಕ್ಷಿ ಮಾತ ಕೇಳಿ ಅವರ ಕೌಂಟರ್ ತಪ್ಪು ಅಂದಿ. ಈ ವರ್ಷ ಮತ್ತ ಒಂದ ಸಾಕ್ಷಿ ಮಾತ ಕೇಳಿ ನಿಂದ ತಪ್ಪು ಅಂತೀಯೇನು? ಎರಡನೇದು ತಂದೇನಿ. ನೋಡೂಣು. ಖರೇ ಆದ್ರ ಹೇಳೂಣು."

ಅದಕ್ಕೇ ಅವರು ಹೇಳಬೇಡ ಎಂದದ್ದು. ಅವರನ್ನು ಅನುಮಾನಿಸಿದ್ದಕ್ಕೆ ನನಗೆ ಮುಖ ಎತ್ತಲಾಗಲಿಲ್ಲ. ಎರಡನೆಯ ಪೆಟ್ಟಿಗೆಯನ್ನು ಬಿಸಿಯಾಗಲು ಬಿಟ್ಟೆವು. ಅದೂ ಅದನ್ನೇ ಹೇಳಿತು. ಇಪ್ಪತ್ತೆರಡು. ಆಗ ಮಲ್ಲಪ್ಪನವರನ್ನು ಕೂರಿಸಿ ನಾನೇ ಎಲ್ಲ ಹೇಳಿದೆ. ಅವರು ನೋಟ್‌ಬುಕ್ಕನ್ನೇ ನೋಡುತ್ತಾ ಕೂತರು.

"ಅಂದ್ರ ನಾ ಬರದು ಕೊಟ್ಟಿದ್ದು..." ಎಂದರು.

ಮರುದಿನ ಮೀಟಿಂಗ್ ನಡೆದದ್ದು ಸಂಘದ ಕೋಣೆಯಲ್ಲಿ. ಅಧ್ಯಕ್ಷರು, ಏಳೆಂಟು ರೈತರು, ಪಂಪಿನ ಬಸಣ್ಣ. ಬಾಗಿಲ ಬಳಿ ಗೋಡೆಗೆ ಒರಗಿ ನೀಲವ್ವ. ನಾನು ಹತ್ತು ಲಕ್ಷ, ಹದಿನೈದು ಕೋಟಿ ಎಂದು ಶುರುಮಾಡಿದೆ. ಎರಡನೆಯ ವಾಕ್ಯಕ್ಕೇ ಅಧ್ಯಕ್ಷರು ಆಕಳಿಸಿದರು.

"ಅಕ್ಕಾರ, ನಮಗ ಅದೆಲ್ಲ ತಿಳಿಯೂದಿಲ್ಲರಿ. ಆಕಿ ಹೇಳಿದ್ದು ಸೆಟ್‌ನ್ಯಾಗ ಕೇಳಸ್ತೋ ಇಲ್ಲೋ, ಅಷ್ಟ ಹೇಳ್ರಿ."

ಸರಿ ಎಂದು ಬಸಣ್ಣನ ಸೆಟ್ ಮೇಜಿನ ಮೇಲೆ ಇಟ್ಟೆ. ನೀಲವ್ವನ ಸೆಟ್ ಅವಳ ಕೈಗೆ ಕೊಟ್ಟು, "ಆ ಹುಣಸಿ ಗಿಡದ ತನಕ ಹೋಗ್ರಿ ನೀಲವ್ವ. ಮದಲ ಮೆಲ್ಲಕ ಮಾತಾಡ್ರಿ. ನಾ ಕೈ ಎತ್ತಿದ ಮ್ಯಾಲ ಅವತ್ತು ಒದರಿದಂಗ ಒದರ್ರಿ" ಎಂದೆ.

ಅವಳು ಒಂದು ಕ್ಷಣ ನನ್ನನ್ನೇ ನೋಡಿ, ಸೆಟ್ ಹಿಡಿದು ಹೋದಳು.

ಮೇಜಿನ ಮೇಲಿನ ಸೆಟ್ ಗೊರಗೊರ ಎಂದಿತು. ಬಾಯಲ್ಲಿ ಬಿಸಿ ಮುದ್ದೆ ಇಟ್ಟುಕೊಂಡು ಮಾತಾಡಿದ ಹಾಗೆ, ಆದರೂ ತಿಳಿಯುವ ಹಾಗೆ: "ಹೊಂಡ ತುಂಬಾಕತ್ತೈತ್ರಿ, ಬಸಣ್ಣಾರ."

"ಕೇಳತೈತೆಲ್ಲ ಮತ್ತ!" ಎಂದರು ಅಧ್ಯಕ್ಷರು.

ನಾನು ಕಿಟಕಿಯಲ್ಲಿ ಕೈ ಎತ್ತಿದೆ.

ನೀಲವ್ವ ಕೂಗಿದಳು. "ಪಂಪ್ ಬಂದ್ ಮಾಡ್ರೋ!" ಕಿಟಕಿಯ ಮೂಲಕ ಆ ಕೂಗು ಬಂದು ಕೋಣೆಯ ಗೋಡೆಗಳಿಗೆ ಬಡಿಯಿತು. ಗಿಡದ ಕಾಗೆಗಳು ಎದ್ದವು. ಮೇಜಿನ ಮೇಲಿನ ಸೆಟ್ ಮಾತ್ರ ಚರ್ರ್ ಎಂದು ಎರಡು ಸಲ ಹರಿದಂತೆ ಸದ್ದು ಮಾಡಿ ಬಾಯಿ ಮುಚ್ಚಿತು. ಅವಳು ಮತ್ತೆ ಕೂಗಿದಳು, ಇನ್ನೂ ಜೋರಾಗಿ. ಸೆಟ್ ಮೌನ.

ಕಾರಣ ಇಷ್ಟೇ. ಜೋರಾಗಿ ಕೂಗಿದಷ್ಟೂ ಆ ಅಲೆ ಹೆಚ್ಚು ಅಗಲವಾಗಿ ತೂಗಾಡುತ್ತದೆ. ಎರಡೂ ಸೆಟ್ ಒಂದೇ ಕಡೆ ಇದ್ದರೆ ಅಷ್ಟಗಲಕ್ಕೂ ಜಾಗವಿರುತ್ತದೆ. ಒಂದು ಪಕ್ಕಕ್ಕೆ ಸರಿದಿದ್ದರೆ ತೂಗಾಟ ಅಂಚು ದಾಟುತ್ತದೆ. ಅದು ಮಾತಲ್ಲ, ಬರೀ ಗದ್ದಲ ಎಂದುಕೊಂಡು ಸೆಟ್ ಬಾಯಿ ಮುಚ್ಚುತ್ತದೆ. ಎರಡು ದಿನ ಸಾವಕಾಶವಾಗಿ ಆಡಿದ ಮಾತೆಲ್ಲ ಹೇಗೋ ದಾಟಿತ್ತು. ಪ್ರಾಣಕ್ಕೆ ಬಂದಾಗ ಕೂಗಿದ್ದು ದಾಟಲಿಲ್ಲ.

ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ಬಸಣ್ಣ ಎದ್ದು ನಿಂತಿದ್ದ. "ಇದ ಸಪ್ಪಳ್ರಿ. ಅವತ್ತು ಇದ ಚರ್ರ್ ಅಂದಿತ್ತು. ನಾ ಸಿಡ್ಲಿಂದು ಅಂತ ತಿಳ್ಕೊಂಡಿದ್ನಿ" ಎಂದ.

ಅಧ್ಯಕ್ಷರು ಕೇಳಿದರು. "ಹಂಗಾರ ತಪ್ಪು ಯಾರದ್ರಿ?"

ಬಿರಾದಾರ ಸರ್ ಬಾಯಿ ತೆರೆಯುವ ಮುಂಚೆ ನಾನು ಹೇಳಿದೆ. "ನಂದ್ರಿ. ಮಲ್ಲಪ್ಪಣ್ಣಾರದಲ್ಲ, ಬಸಣ್ಣಾರದಲ್ಲ, ನೀಲವ್ವಂದಂತೂ ಅಲ್ಲವೇ ಅಲ್ಲ. ಹೋದ ವರ್ಷ ಕೌಂಟರ್ ಕೆಡಿಸಿದಾಕಿ ನಾ."

ಅಷ್ಟರಲ್ಲಿ ನೀಲವ್ವ ಹಿಂತಿರುಗಿ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನ ಕೈ ಹಿಡಿಯುತ್ತಾಳೆ, ಹೋಗಲಿ ಬಿಡಿ ಎನ್ನುತ್ತಾಳೆ ಎಂದು ಒಳಗೊಳಗೇ ಕಾದೆನೇನೋ. ಅವಳು ಹಾಗೇನೂ ಮಾಡಲಿಲ್ಲ.

"ಹದಿನೈದು ದಿನ ನಮ್ಮೂರಾಗ ತಲಿ ತೆಳಗ ಹಾಕಿ ಅಡ್ಡಾಡೀನ್ರಿ ಅಕ್ಕಾರ," ಎಂದಳು. "ನನ್ನ ಮೊಮ್ಮಗಳು ಸೈತ ಕೇಳಿದ್ಳು, ಆಯಿ ನೀ ಮಲಗಿದ್ದಿ ಏನಂತ."

ತಪ್ಪಾಯಿತು ಎಂದೆ. ಅದು ಬಹಳ ಚಿಕ್ಕ ಮಾತಾಗಿ ಕೇಳಿಸಿತು.

ಅವಳನ್ನು ಅಂದೇ ಕೆಲಸಕ್ಕೆ ತೆಗೆದುಕೊಂಡರು. ತೊಗರಿ ಹೋದವರ ಜೊತೆ ಮಾತುಕತೆ ಬಿರಾದಾರ ಸರ್ ತಮ್ಮ ಮೇಲೆ ಹಾಕಿಕೊಂಡರು. ಅದರ ವಿವರ ನನಗೆ ಎಂದೂ ಹೇಳಲಿಲ್ಲ. ನಾನು ಮತ್ತು ಮಲ್ಲಪ್ಪ ಎರಡು ದಿನ ಕೂತು ಸಂಘದ ಅಷ್ಟೂ ಸೆಟ್‌ಗಳನ್ನು ಮತ್ತೆ ಸರಿಮಾಡಿದೆವು. ಎರಡನೆಯ ದಿನ ಮಧ್ಯಾಹ್ನ ಹೊಂಡದ ಬಳಿ ಪರೀಕ್ಷೆ. ಒಡ್ಡಿಗೆ ಹೊಸ ಮಣ್ಣು ಬಿದ್ದಿತ್ತು. ನೀಲವ್ವ ಸೆಟ್ ಕೈಗೆ ತೆಗೆದುಕೊಂಡು ಕೇಳಿದಳು. "ಈಗ ಒದರಲೇನ್ರಿ?"

"ಒದರ್ರಿ."

ಒದರಿದಳು. ಹೊಂಡದ ದಂಡೆಯ ಬೆಳ್ಳಕ್ಕಿಗಳು ಹಾರಿದವು. ಸೆಟ್‌ನಿಂದ ಬಸಣ್ಣನ ದನಿ ಸ್ವಚ್ಛವಾಗಿ ಬಂತು. "ಏ ಯವ್ವಾ, ಸಣ್ಣಾಗಿ ಹೇಳ, ಕಿವಿ ಒಡದ್ವು!"

ಮೊದಲು ನಕ್ಕದ್ದು ನೀಲವ್ವನೇ. ಸೆರಗು ಬಾಯಿಗೆ ಹಿಡಿದು ನಕ್ಕಳು. ಆಮೇಲೆ ನನ್ನ ಕಡೆ ನೋಡಿ, "ರೊಟ್ಟಿ ಕಟ್ಟಿಕೊಂಡು ಬಂದೇನಿ. ಉಣ್ರಿ ಬರ್ರಿ" ಎಂದಳು. ಕ್ಷಮಿಸಿದಳೋ, ಅಥವಾ ಊಟದ ಹೊತ್ತಿಗೆ ಎದುರಿಗಿದ್ದವರನ್ನು ಕರೆಯಲೇಬೇಕೆಂದು ಕರೆದಳೋ ಗೊತ್ತಿಲ್ಲ. ಕೇಳಲಿಲ್ಲ. ಉಂಡೆ.

ಅಲ್ಲಿಂದ ಹೊರಟವಳು ಹೋದ ವರ್ಷದ ಸುತ್ತನ್ನೇ ಹಿಂದುಮುಂದಾಗಿ ಹಾಕಿದೆ. ಬಸವನ ಬಾಗೇವಾಡಿ, ಸಿಂದಗಿ, ಇಂಡಿ. ಎಲ್ಲೆಲ್ಲಿ ನನ್ನ ಚೀಟಿ ಇತ್ತೋ ಅಲ್ಲೆಲ್ಲ ಎರಡು ಪೆಟ್ಟಿಗೆ ಹಚ್ಚಿ ಮತ್ತೆ ಅಳೆದೆ. ಎಲ್ಲ ಸರಿಯಿದ್ದವು. ಅಂದರೆ ಬಾಗೇವಾಡಿ ಮತ್ತು ಮುದ್ದೇಬಿಹಾಳದ ನಡುವಿನ ಯಾವುದೋ ತಗ್ಗಿಗೆ ಬಸ್ಸು ಎಗರಿದಾಗ ಆ ತಂತಿ ಕಿತ್ತಿತ್ತು. ಆಮೇಲೆ ಬಿರಾದಾರ ಸರ್ ಪೆಟ್ಟಿಗೆಯ ದೀಪದ ಕೆಲಸವನ್ನೇ ಉಲ್ಟಾ ಮಾಡಿಸಿದರು. ಬಿಸಿ ಇದ್ದರೆ ಮಾತ್ರ ಉರಿಯಬೇಕು. ಆರಿದ್ದರೆ ಮುಟ್ಟಬಾರದು.

ಕೆಲ ವರ್ಷಕ್ಕೆ ಉಪಗ್ರಹದಿಂದ ಕಾಲ ತಿಳಿದುಕೊಳ್ಳುವ ಪೆಟ್ಟಿಗೆಗಳು ಬಂದವು. ಶಾರ್ಟ್‌ವೇವ್ ಸೀಟಿ ಕೇಳುವ ಕಾಲ ಮುಗಿಯಿತು. ಮಾಳಿಗೆಯ ಮೇಲೆ ಬೋರಲು ಹಾಕಿದ ಬಟ್ಟಲಿನಂಥ ಆಂಟೆನಾ ಇಟ್ಟರೆ ಸಾಕು, ಕ್ರಿಸ್ಟಲ್ ತಾನೇ ತನ್ನನ್ನು ತಿದ್ದಿಕೊಳ್ಳುತ್ತದೆ. ಇನ್ನು ತಪ್ಪುವ ಮಾತೇ ಇಲ್ಲ ಎಂದುಕೊಂಡೆವು. ಮೊದಲ ತಿಂಗಳೇ ಚಡಚಣದಲ್ಲಿ ಮಂಗವೊಂದು ಆ ಬಟ್ಟಲನ್ನು ತಂತಿ ಸಮೇತ ಕಿತ್ತುಕೊಂಡು ಬೇವಿನ ಮರ ಹತ್ತಿತು. ಕೆಳಗೆ ನಾನು ದ್ರಾಕ್ಷಿ ಗೊಂಚಲು ಹಿಡಿದು ಅದರೊಡನೆ ಸಂಧಾನಕ್ಕೆ ನಿಂತಿದ್ದೆ. ಅದು ದ್ರಾಕ್ಷಿಯನ್ನೂ ತೆಗೆದುಕೊಂಡಿತು, ಬಟ್ಟಲನ್ನೂ ಇಟ್ಟುಕೊಂಡಿತು. ಯಾವ ಪುಸ್ತಕದಲ್ಲೂ ಈ ದೋಷಕ್ಕೆ ಪರಿಹಾರ ಬರೆದಿಲ್ಲ.

ನಿವೃತ್ತಿಗೆ ಎರಡು ವರ್ಷ ಮುಂಚೆ ನನ್ನ ಜಾಗಕ್ಕೆಂದು ಸವಿತಾ ಎಂಬ ಹುಡುಗಿ ಸೇರಿದಳು. ಇಂಗಳೇಶ್ವರದ ಕಡೆಯವಳು, ಬೈಕ್ ಮೇಲೆ ಪೆಟ್ಟಿಗೆ ಕಟ್ಟಿಕೊಂಡು ತಿರುಗುವವಳು. ಕೈ ಚುರುಕು, ಮಾತು ಇನ್ನೂ ಚುರುಕು. ಅವಳಿಗೆ ಕಲಿಸಬೇಕಾದ್ದೆಲ್ಲ ಕಲಿಸಿದೆ ಎಂದುಕೊಂಡರೂ ಒಂದು ಅನುಮಾನ ಉಳಿದೇ ಇತ್ತು. ಉಪಕರಣ ತಪ್ಪಿದರೆ ಕಂಡುಹಿಡಿಯುವುದನ್ನು ಕಲಿಸಬಹುದು. ತಾನೇ ತಪ್ಪಿದಾಗ ಏನು ಮಾಡುತ್ತಾಳೆ ಎಂಬುದು ತಪ್ಪುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ. ನನಗಂತೂ ನನ್ನ ಬಗ್ಗೆ ಗೊತ್ತಿರಲಿಲ್ಲ.

ಹೋದ ತಿಂಗಳು ಒಂದು ಮುಂಜಾನೆ ಅವಳ ಫೋನ್ ಬಂತು. ಹಿಂದೆ ಗಾಳಿಯ ಸದ್ದು, ಹಾರ್ನ್ ಸದ್ದು.

"ಅಕ್ಕಾರ, ಒಂದ್ ಎಡವಟ್ಟಾಗೇತ್ರಿ. ಹೋದ ವಾರ ಇಂಡ್ಯಾಗ ಒಂದು ಕೌಂಟರ್ ನೋಡಿದ್ನೆಲ್ಲ, ಅದರಾಗ ಒಂದು ಅಂಕಿ ತಪ್ಪು ಓದೇನಿ. ನಿನ್ನೆ ಸಂಜೀಕ ನನ್ನ ಬರಹ ನಾನ ನೋಡೂವಾಗ ಗೊತ್ತಾತು. ಅವರಿಗಿನ್ನೂ ಗೊತ್ತಿಲ್ಲರಿ. ಯಾರಿಗೂ ಗೊತ್ತಿಲ್ಲ."

ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ಮಾತು ಹುಡುಕಿದೆ. ಬಿರಾದಾರ ಸರ್ ಇದ್ದಿದ್ದರೆ ಏನು ಹೇಳುತ್ತಿದ್ದರು ಎಂದು ಯೋಚಿಸಿದೆ. ಏನೂ ಹೊಳೆಯದೆ, "ಈಗ ಎಲ್ಲಿ ಅದೀ ನೀ?" ಎಂದು ಕೇಳಿದೆ.

"ಇಂಡಿ ಹಾದ್ಯಾಗ ಅದೇನ್ರಿ, ಅರ್ಧ ದಾರಿ ಬಂದೇನಿ," ಎಂದಳು. "ಅವರು ಬಾಗಲಾ ತಗಿಯೂದು ಎಷ್ಟೊತ್ತಿಗೆ ಅಂತ ಕೇಳಾಕ ಫೋನ್ ಮಾಡಿದ್ನಿ."